ವರ್ಷಕ್ಕೊಮ್ಮೆ ನುಂಗುವ ಗುಳಿಗೆ

(ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ಕಲಿಕಾ ಕೇಂದ್ರಗಳಲ್ಲಿ ಅಕ್ಕ ತಂಗಿಯರ ಮುಂದೆ ಆಡಿದ ಮಾತು)



ಹಗಲೆಲ್ಲ ದುಡಿದು ಬಂದಿದ್ದೀರಿ. ಕೆಲವರು ಗದ್ದೆಯಿಂದ ಬಂದಿದ್ದೀರಿ. ಕೆಲವರು ಕಬ್ಬಿನ ಹೊಲದಿಂದ ಬಂದಿದ್ದೀರಿ. ಕಾಡಿಗೆ ಹೋಗಿ ಸೌದೆ ಹೊರೆ ಇಳಿಸಿ ಬಂದವರೂ ಇದ್ದೀರಿ. ಒಲೆ ಮೇಲೆ ಅನ್ನ ಇಟ್ಟು, ನೋಡಿಕೋ ಅಂತ ಮಗಳಿಗೆ ಹೇಳಿ ಬಂದವರೂ ಇರಬಹುದು. ಅದಕ್ಕೇ ನಾವು ಉದ್ದ ಭಾಷಣ ಮಾಡುವುದಿಲ್ಲ. ಹಾಗೆ ಹೇಳಿಯೇ ಎಲ್ಲರೂ ಉದ್ದ ಮಾಡುತ್ತಾರೆ ಅಂತ ನೀವು ನಗುತ್ತೀರಿ. ನಗಿರಿ, ಪರವಾಗಿಲ್ಲ.

ಇವತ್ತು ನಾವು ಒಂದು ರೋಗದ ಬಗ್ಗೆ, ಅದರ ಗುಳಿಗೆಯ ಬಗ್ಗೆ ಮಾತಾಡುತ್ತೇವೆ. ರೋಗದ ಹೆಸರು ಆನೆಕಾಲು ರೋಗ. ದವಾಖಾನೆಯವರು ಫೈಲೇರಿಯಾ ಅನ್ನುತ್ತಾರೆ. ನಿಮ್ಮಲ್ಲಿ ಮನೆಯಲ್ಲಿ ಮರಾಠಿ ಆಡುವವರು ಹತ್ತಿಪಾಯ ಅನ್ನುತ್ತೀರಿ. ಆಯುರ್ವೇದದ ಹಳೆಯ ಗ್ರಂಥಗಳಲ್ಲಿ ಇದಕ್ಕೆ ಶ್ಲೀಪದ ಅನ್ನುವ ಹೆಸರಿದೆ. ಅಂದರೆ ಇದು ನಿನ್ನೆ ಮೊನ್ನೆಯ ರೋಗ ಅಲ್ಲ.

ಈ ಮಾತು ಯಾಕೆ ಬಂತು ಅಂತ ಮೊದಲು ಹೇಳುತ್ತೇವೆ.

ಹಳಿಯಾಳದ ಕಡೆಯ ಒಂದು ಊರು. ಅಲ್ಲಿ ಸಂಜೆ ಅಕ್ಷರದ ಪಾಠ ನಡೆಯುತ್ತಿತ್ತು. ಒಬ್ಬ ಅಕ್ಕ ಯಾವಾಗಲೂ ಹಿಂದೆ, ಗೋಡೆಗೆ ಒತ್ತಿ ಕೂರುತ್ತಿದ್ದಳು. ಎಲ್ಲರೂ ಬಂದ ಮೇಲೆ ಬರುತ್ತಿದ್ದಳು. ಎಲ್ಲರೂ ಹೋದ ಮೇಲೆ ಏಳುತ್ತಿದ್ದಳು. ಸೀರೆಯನ್ನು ಪಾದದ ಮೇಲೆ ಎಳೆದು ಮುಚ್ಚಿ ಕೂರುತ್ತಿದ್ದಳು. ಬರೆಯಲು ಹಲಗೆಯ ಹತ್ತಿರ ಬಾ ಅಂದರೆ ಬರುತ್ತಿರಲಿಲ್ಲ. ನಾಚಿಕೆ ಇರಬೇಕು ಅಂತ ನಾವು ಅಂದುಕೊಂಡೆವು.

ಒಂದು ದಿನ ಆರೋಗ್ಯದ ಪಾಠ ಬಂತು. ಸಿಸ್ಟರ್ ಬಾಯಿಯವರು ಬಂದು ಆನೆಕಾಲು ರೋಗದ ಗುಳಿಗೆ ತೋರಿಸಿದರು. ಪಾಠ ಮುಗಿದ ಮೇಲೆ ಆ ಅಕ್ಕ ನಮ್ಮ ಹತ್ತಿರ ಬಂದಳು. ಸುತ್ತ ಯಾರೂ ಇಲ್ಲ ಅಂತ ನೋಡಿದಳು. ಸೀರೆಯ ಅಂಚು ಸ್ವಲ್ಪ ಎತ್ತಿದಳು. ಎಡಗಾಲು ಮೊಣಕಾಲಿನ ಕೆಳಗೆ ಊದಿತ್ತು. ಚರ್ಮ ದಪ್ಪ ಆಗಿತ್ತು.

"ಅಕ್ಕಾರ, ಈ ಗುಳಿಗಿ ನುಂಗಿದ್ರ ನನ್ನ ಕಾಲು ಸಣ್ಣದಾಗ್ತೈತೇನ್ರಿ?" ಅಂತ ಕೇಳಿದಳು.

ನಮಗೆ ಥಟ್ಟನೆ ಉತ್ತರ ಬರಲಿಲ್ಲ. ಹೌದು ಅಂದರೆ ಸುಳ್ಳಾಗುತ್ತಿತ್ತು. ಇಲ್ಲ ಅನ್ನಲು ಬಾಯಿ ಬರಲಿಲ್ಲ. ಅವಳೇ ಮುಂದೆ ಹೇಳಿದಳು. "ನನಗ ಬ್ಯಾಡ್ರಿ. ಮಗಳ ಲಗ್ನ ಮಾಡಬೇಕು. ತಾಯಿ ಕಾಲು ಹಿಂಗೈತಿ, ಮಗಳಿಗೂ ಬರ್ತೈತಿ ಅಂತಾರ ಮಂದಿ. ಬಂದ ಗಂಡಿನ ಕಡೆಯವರು ತಿರುಗಿ ಹೋದ್ರು."

ಈ ಮಾತಿಗೆ ಉತ್ತರ ಕೊಡಬೇಕು ಅಂತಲೇ ಇವತ್ತು ನಿಮ್ಮ ಮುಂದೆ ನಿಂತಿದ್ದೇವೆ.

ಮೊದಲು ಒಂದು ಮಾತು ಗಟ್ಟಿಯಾಗಿ ಹೇಳುತ್ತೇವೆ. ಇದು ತಾಯಿಯ ಹೊಟ್ಟೆಯಿಂದ ಮಗಳಿಗೆ ಬರುವ ರೋಗ ಅಲ್ಲ. ಶಾಪ ಅಲ್ಲ. ಯಾರೋ ಮಾಡಿಸಿದ ಮಾಟ ಅಲ್ಲ. ಹಾವು ದಾಟಿದ ಕಾಲು ಅಂತಾರೆ, ಅದೂ ಅಲ್ಲ. ಇದು ಹುಳದಿಂದ ಬರುವ ರೋಗ. ಹುಳವನ್ನು ತರುವುದು ಸೊಳ್ಳೆ. ನೀವು ನುಸಿ ಅನ್ನಿ, ಗುಂಗಾಡ ಅನ್ನಿ, ಎಲ್ಲ ಅದೇ.

ಹುಳ ಅಂದರೆ ಹೊಟ್ಟೆಯ ಜಂತುಹುಳ ಅಲ್ಲ. ಇದು ನೂಲಿನ ಎಳೆಯ ಹಾಗೆ ಸಣ್ಣಗೆ ಇರುತ್ತದೆ. ಗಂಡು ಹುಳ ಸುಮಾರು 4 ಸೆಂಟಿಮೀಟರ್ ಉದ್ದ. ಹೆಣ್ಣು ಹುಳ 8ರಿಂದ 10 ಸೆಂಟಿಮೀಟರ್, ಅಂದರೆ ನಿಮ್ಮ ನಡುಬೆರಳಿಗಿಂತ ಸ್ವಲ್ಪ ಉದ್ದ. ಇದು ಹೊಟ್ಟೆಯಲ್ಲಿ ಇರುವುದಿಲ್ಲ, ರಕ್ತದ ನಾಳದಲ್ಲೂ ಮನೆ ಮಾಡುವುದಿಲ್ಲ. ಮತ್ತೆ ಎಲ್ಲಿ ಇರುತ್ತದೆ?

ನಿಮಗೆ ಗದ್ದೆ ಗೊತ್ತು. ಗದ್ದೆಗೆ ನೀರು ಬರಲು ಒಂದು ಕಾಲುವೆ. ಹೆಚ್ಚಾದ ನೀರು ಹೋಗಲು ಬಸಿಗಾಲುವೆ. ನಮ್ಮ ಮೈಯೂ ಹಾಗೆಯೇ. ರಕ್ತದ ನಾಳ ಅಂದರೆ ನೀರು ತರುವ ಕಾಲುವೆ. ಅದರ ಜೊತೆಗೆ ಇನ್ನೊಂದು ನಾಳಗಳ ಬಲೆ ಇದೆ. ಅದರಲ್ಲಿ ತಿಳಿಯಾದ ರಸ ಹರಿಯುತ್ತದೆ. ಮೈಯಲ್ಲಿ ಬಸಿದ ನೀರನ್ನು ಅದು ತಿರುಗಿ ರಕ್ತಕ್ಕೆ ಸೇರಿಸುತ್ತದೆ. ಅದು ನಮ್ಮ ಮೈಯ ಬಸಿಗಾಲುವೆ. ಆನೆಕಾಲಿನ ಹುಳ ಹೋಗಿ ಕೂರುವುದು ಈ ಬಸಿಗಾಲುವೆಯಲ್ಲಿ. ಅಲ್ಲಿ ನಾಲ್ಕಾರು ವರ್ಷ ಬದುಕುತ್ತದೆ. ನಾಳ ಹಿಗ್ಗುತ್ತದೆ, ಕೆಡುತ್ತದೆ. ಬಸಿಗಾಲುವೆ ಕಟ್ಟಿದರೆ ಗದ್ದೆ ಏನಾಗುತ್ತದೆ? ನೀರು ನಿಂತು ಕೆಸರಾಗುತ್ತದೆ. ಕಾಲೂ ಹಾಗೆಯೇ ಊದುತ್ತದೆ. ಬರೀ ಕಾಲು ಅಲ್ಲ. ಕೈ ಊದಬಹುದು. ಹೆಂಗಸರಿಗೆ ಮೊಲೆ ಊದಬಹುದು. ಗಂಡಸರಿಗೆ ಬೀಜದ ಚೀಲದಲ್ಲಿ ನೀರು ತುಂಬಬಹುದು.

ಇನ್ನು ಸೊಳ್ಳೆಯ ಮಾತು. ಹೆಣ್ಣು ಹುಳ ಲಕ್ಷಗಟ್ಟಲೆ ಮರಿ ಹಾಕುತ್ತದೆ. ಮರಿಗಳು ಕಣ್ಣಿಗೆ ಕಾಣುವುದಿಲ್ಲ. ಅವು ರಕ್ತಕ್ಕೆ ಬರುತ್ತವೆ. ಸೊಳ್ಳೆ ಕಚ್ಚಿ ರಕ್ತ ಹೀರಿದಾಗ ಮರಿಯೂ ಅದರ ಹೊಟ್ಟೆಗೆ ಹೋಗುತ್ತದೆ. ಸೊಳ್ಳೆಯೊಳಗೆ ಹತ್ತು ಹದಿನಾಲ್ಕು ದಿನ ಬೆಳೆಯುತ್ತದೆ. ಆಮೇಲೆ ಆ ಸೊಳ್ಳೆ ಇನ್ನೊಬ್ಬರನ್ನು ಕಚ್ಚಿದರೆ, ಕಚ್ಚಿದ ಜಾಗದಿಂದ ಮರಿ ಒಳಗೆ ಸೇರುತ್ತದೆ. ಒಂದು ಸಲ ಕಚ್ಚಿದ ಕೂಡಲೇ ರೋಗ ಬಂತು ಅಂತ ಹೆದರಬೇಡಿ. ತಿಂಗಳುಗಟ್ಟಲೆ, ಮತ್ತೆ ಮತ್ತೆ ಅಂಥ ಸೊಳ್ಳೆ ಕಚ್ಚಿದಾಗಲೇ ಹುಳ ನೆಲೆ ಊರುವುದು.

ಈ ಮರಿಗಳ ಒಂದು ಚಾಳಿ ಇದೆ. ಹಗಲು ಹೊತ್ತು ಮೈಯ ಒಳಗೆ, ಶ್ವಾಸಕೋಶದ ನಾಳಗಳಲ್ಲಿ ಅಡಗಿ ಇರುತ್ತವೆ. ರಾತ್ರಿ ಆದ ಮೇಲೆ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಯಾಕೆ ಹೇಳಿ? ಈ ಜಾತಿಯ ಸೊಳ್ಳೆ ಕಚ್ಚುವುದು ರಾತ್ರಿ. ಕಳ್ಳನಿಗೆ ಕಳ್ಳನ ಹೊತ್ತು ಗೊತ್ತು.

ಅದಕ್ಕೇ ಆರೋಗ್ಯ ಇಲಾಖೆಯವರು ಈ ರೋಗ ಹುಡುಕಲು ರಾತ್ರಿ ಎಂಟೂವರೆ ಆದ ಮೇಲೆ ಬಂದು ರಕ್ತ ತೆಗೆಯುತ್ತಿದ್ದರು. ಇದು ಎಷ್ಟು ಗಲಾಟೆ ಮಾಡಿಸಿದೆ ಅಂತೀರಿ! ಮುಂಡಗೋಡದ ಕಡೆ ಒಂದು ಊರಿಗೆ ಹೋದಾಗ ಮೊದಲು ನಾಯಿಗಳು ಎದ್ದವು. ಆಮೇಲೆ ಮಂದಿ ಎದ್ದರು. ಬ್ಯಾಟರಿ ಬೆಳಕು ಕಂಡು ಕಳ್ಳರು ಅಂದರು. ಒಬ್ಬ ಅಜ್ಜಿ ಬಾಗಿಲು ತೆಗೆಯದೆ ಒಳಗಿನಿಂದಲೇ ಬೈದಳು. "ರಾತ್ರಿ ಹೊತ್ತಿನ್ಯಾಗ ರಕ್ತ ಕೇಳಾಕ ಬರ್ತಾರ. ಹಗಲೊತ್ತಿನ್ಯಾಗ ಏನಾಗಿತ್ತು ಇವರಿಗೆ?" ಅಜ್ಜಿ ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರವನ್ನು ಹಗಲೇ ಹೋಗಿ ಹೇಳಬೇಕಾಗಿತ್ತು. ಹೇಳಿರಲಿಲ್ಲ. ತಪ್ಪು ಅಜ್ಜಿಯದಲ್ಲ.

ತೆಗೆಯುವುದು ಬೆರಳ ತುದಿಯಿಂದ ಎರಡು ಮೂರು ಹನಿ ರಕ್ತ, ಅಷ್ಟೇ. ಅದನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ದುರ್ಬೀನಿನಲ್ಲಿ ನೋಡುತ್ತಾರೆ. ಈಗ ಹಗಲಲ್ಲೇ ರಕ್ತ ನೋಡುವ ಚೀಟಿಗಳೂ ಬಂದಿವೆ.

ಈಗ ಗುಳಿಗೆಗೆ ಬರೋಣ.

ಮುಖ್ಯ ಗುಳಿಗೆಯ ಹೆಸರು ಡಿ.ಇ.ಸಿ. ಪೂರ್ತಿ ಹೆಸರು ಡೈಈಥೈಲ್ ಕಾರ್ಬಮಜೀನ್. ನಾಲಿಗೆ ಹೊರಳದಿದ್ದರೆ ಬಿಡಿ. ಡಿ.ಇ.ಸಿ. ಸಾಕು. ಇದು ಸುಮಾರು 75 ವರ್ಷಗಳಿಗೂ ಹಳೆಯ ಔಷಧಿ. 1947ರಲ್ಲಿ ಬಂತು. ಇದರ ಹಿಂದೆ ಇದ್ದವರು ನಮ್ಮ ಪಕ್ಕದ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅವರು ಅಮೆರಿಕದ ಒಂದು ಔಷಧಿ ಕಂಪನಿಯಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದರು. ಎರಡನೆಯ ಮಹಾಯುದ್ಧದಲ್ಲಿ ದ್ವೀಪಗಳಿಗೆ ಹೋದ ಅಮೆರಿಕದ ಸಿಪಾಯಿಗಳಿಗೆ ಈ ರೋಗ ತಗುಲಿತ್ತು. ಆಗ ಔಷಧಿ ಹುಡುಕುವ ಕೆಲಸ ಜೋರಾಯಿತು. ಬಡವರ ರೋಗಕ್ಕೆ ಔಷಧಿ ಸಿಗಲು ಸಿಪಾಯಿಗಳಿಗೆ ರೋಗ ಬರಬೇಕಾಯಿತು ನೋಡಿ. ಸುಬ್ಬರಾವ್ ಚಿಕ್ಕಂದಿನಲ್ಲಿ ಓದು ಬಿಟ್ಟು, ಬಾಳೆಹಣ್ಣು ಮಾರಿ ದುಡಿಯುತ್ತೇನೆ ಅಂತ ಕಾಶಿಗೆ ಹೊರಟಿದ್ದರಂತೆ. ತಾಯಿ ಹಿಡಿದು ತಂದು ಶಾಲೆಗೆ ಕಳಿಸಿದಳಂತೆ. ಇದನ್ನು ಯಾಕೆ ಹೇಳಿದೆವು ಅಂದರೆ, ಔಷಧಿ ಮೇಲಿನಿಂದ ಬೀಳುವುದಿಲ್ಲ. ಯಾರದೋ ಮಗ, ಯಾರದೋ ಮಗಳು ಓದಿ ಕಂಡುಹಿಡಿಯುತ್ತಾರೆ.

ಎರಡನೆಯ ಗುಳಿಗೆ ಆಲ್ಬೆಂಡಜೋಲ್. ಇದು ನಿಮಗೆ ಹೊಸದಲ್ಲ. ಶಾಲೆಯಲ್ಲಿ, ಅಂಗನವಾಡಿಯಲ್ಲಿ ಮಕ್ಕಳಿಗೆ ಜಂತುಹುಳಕ್ಕೆ ಕೊಡುತ್ತಾರಲ್ಲ, ಅದೇ. ಜಗಿದು ತಿನ್ನಬೇಕು.

ನಮ್ಮ ಕರ್ನಾಟಕದಲ್ಲಿ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ, ದಕ್ಷಿಣ ಕನ್ನಡ, ಉಡುಪಿ, ಈ ಜಿಲ್ಲೆಗಳನ್ನು ಆನೆಕಾಲು ರೋಗದ ಜಿಲ್ಲೆಗಳು ಅಂತ ಗುರುತಿಸಿದ್ದರು. ಆ ಪಟ್ಟಿಯಲ್ಲಿ ನಮ್ಮ ಉತ್ತರ ಕನ್ನಡವೂ ಇತ್ತು. 2004ರಿಂದ ದೇಶದಲ್ಲಿ ಇಂಥ ಜಿಲ್ಲೆಗಳ ಎಲ್ಲ ಜನರಿಗೂ ವರ್ಷಕ್ಕೆ ಒಂದು ಸಲ ಡಿ.ಇ.ಸಿ. ನುಂಗಿಸುವ ಕೆಲಸ ದೊಡ್ಡದಾಗಿ ಶುರುವಾಯಿತು. 2007ರಿಂದ ಅದರ ಜೊತೆ ಆಲ್ಬೆಂಡಜೋಲ್ ಸೇರಿತು.

ಎಷ್ಟು ನುಂಗಬೇಕು? ಡಿ.ಇ.ಸಿ. ಒಂದು ಗುಳಿಗೆಯಲ್ಲಿ 100 ಮಿಲಿಗ್ರಾಂ ಇರುತ್ತದೆ. 2ರಿಂದ 5 ವರ್ಷದ ಮಗುವಿಗೆ ಒಂದು. 6ರಿಂದ 14 ವರ್ಷದವರಿಗೆ ಎರಡು. 15 ವರ್ಷ ಮೇಲ್ಪಟ್ಟವರಿಗೆ ಮೂರು. ಆಲ್ಬೆಂಡಜೋಲ್ 400 ಮಿಲಿಗ್ರಾಂನದು ಎಲ್ಲರಿಗೂ ಒಂದೇ. ಪಟ್ಟಿಯ ಮೇಲೆ ಇಂಗ್ಲಿಷ್ ಅಕ್ಷರ ಇರಬಹುದು. ಆದರೆ 100, 400 ಅನ್ನುವ ಅಂಕಿ ನೀವು ಈಗ ಓದುತ್ತೀರಿ. ಅವಧಿ ಮುಗಿಯುವ ತಿಂಗಳು, ವರ್ಷವೂ ಅಂಕಿಯಲ್ಲೇ ಇರುತ್ತದೆ. ಓದಿ ನೋಡಿ. ಓದಿ ನೋಡಿದರೆ ಸಿಸ್ಟರ್ ಬಾಯಿ ಸಿಟ್ಟಾಗುವುದಿಲ್ಲ.

2 ವರ್ಷದ ಒಳಗಿನ ಕೂಸಿಗೆ ಕೊಡಬಾರದು. ಬಸುರಿಗೆ ಕೊಡಬಾರದು. ಹಾಸಿಗೆ ಹಿಡಿದ ರೋಗಿಗೆ ಕೊಡಬಾರದು. ಬಸುರಿ ಅಂತ ಹೇಳಲು ನಾಚಬೇಡಿ. ಮನೆ ಬಾಗಿಲಲ್ಲಿ ಗಂಡಸರು ನಿಂತಿದ್ದರೆ ಆಶಾ ಅಕ್ಕನನ್ನು ಒಳಗೆ ಕರೆದು ಹೇಳಿ. ಮುಟ್ಟು ತಪ್ಪಿದ್ದು ಒಂದೇ ತಿಂಗಳಾದರೂ ಹೇಳಿ.

ಖಾಲಿ ಹೊಟ್ಟೆಯಲ್ಲಿ ನುಂಗಬಾರದು. ಈ ಮಾತನ್ನು ಎರಡು ಸಲ ಹೇಳುತ್ತೇವೆ. ಖಾಲಿ ಹೊಟ್ಟೆಯಲ್ಲಿ ನುಂಗಬಾರದು. ಯಾಕೆಂದರೆ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರು ನೀವು. ಗುಳಿಗೆ ಹಂಚುವವರು ಬೆಳಿಗ್ಗೆ ಬರುತ್ತಾರೆ. ಮನೆಯವರೆಲ್ಲ ರೊಟ್ಟಿ ತಿಂದಿರುತ್ತಾರೆ. ನೀವು ಬರೀ ಚಹಾ ಕುಡಿದಿರುತ್ತೀರಿ. ಆಗ ನುಂಗಿದರೆ ತಲೆ ಸುತ್ತುತ್ತದೆ, ವಾಕರಿಕೆ ಬರುತ್ತದೆ. ಆಮೇಲೆ ಗುಳಿಗೆ ಕೆಟ್ಟದ್ದು ಅಂತ ಊರೆಲ್ಲ ಸುದ್ದಿ. ಅವತ್ತು ಒಂದು ದಿನವಾದರೂ ಮೊದಲು ನೀವು ಉಣ್ಣಿ.

ಈಗ ಕಷ್ಟದ ಮಾತು. ಗುಳಿಗೆ ಹಂಚಿದ್ದು ಬೇರೆ, ಜನ ನುಂಗಿದ್ದು ಬೇರೆ.

ನಾವು ಒಂದು ವರ್ಷ ಹಂಚುವವರ ಜೊತೆ ಮನೆ ಮನೆಗೆ ಹೋದೆವು. ಪುಸ್ತಕದಲ್ಲಿ ಎಲ್ಲರ ಹೆಸರಿನ ಮುಂದೆ ಗುರುತು ಬಿತ್ತು. ಎಲ್ಲರಿಗೂ ಖುಷಿ. ನಾಲ್ಕು ತಿಂಗಳ ಮೇಲೆ ಅದೇ ಊರಿನ ಒಂದು ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಮನೆಯ ಸೊಸೆ ಬೇಳೆ ತೆಗೆಯಲು ಡಬ್ಬಿ ತೆರೆದಳು. ಬೇಳೆಯ ಮೇಲೆ ಕಾಗದದ ಪೊಟ್ಟಣ. ಅದರೊಳಗೆ ಆರು ಜನರ ಗುಳಿಗೆ. ಹಾಗೇ ಇತ್ತು. ಅವಳಿಗೆ ನಾಚಿಕೆ ಆಯಿತು. ನಮಗೂ ಆಯಿತು. ಯಾಕೆಂದರೆ ನಮ್ಮ ಕಣ್ಣ ಮುಂದೆ ನುಂಗಿಸಬೇಕಾಗಿತ್ತು. ಅವಸರದಲ್ಲಿ ಕೈಗೆ ಕೊಟ್ಟು ಮುಂದೆ ಹೋಗಿದ್ದೆವು.

ಯಾಕೆ ನುಂಗಲಿಲ್ಲ ಅಂತ ಕೇಳಿದೆವು. ಅವಳ ಅತ್ತೆ ಹೇಳಿದಳು. "ನಮಗೇನಾಗೇತ್ರಿ? ಗಟ್ಟಿ ಅದೀವಿ. ಜಡ್ಡಿಲ್ಲ, ಬ್ಯಾನಿಲ್ಲ. ಕಾಲು ಬಾತವರು ನುಂಗಲಿ. ನಾವ್ಯಾಕ ನುಂಗಬೇಕು?"

ಈ ಮಾತು ಸರಿ ಅಂತ ನಿಮಗೂ ಅನ್ನಿಸುತ್ತದೆ ಅಲ್ಲವೇ? ನಮಗೂ ಮೊದಲು ಅನ್ನಿಸಿತ್ತು. ಆದರೆ ಇದು ತಿರುವು ಮುರುವು. ಕಾಲು ಊದಿ ಎಷ್ಟೋ ವರ್ಷ ಆದವರ ರಕ್ತದಲ್ಲಿ ಬಹಳ ಸಲ ಮರಿಗಳೇ ಇರುವುದಿಲ್ಲ. ಅವರ ಮೈಯಲ್ಲಿ ಹುಳ ಸತ್ತು ಹೋಗಿರಬಹುದು. ಅದು ಕೆಡಿಸಿದ ಬಸಿಗಾಲುವೆ ಮಾತ್ರ ಉಳಿದಿರುತ್ತದೆ. ಮರಿಗಳು ತುಂಬಿರುವುದು ಯಾರ ರಕ್ತದಲ್ಲಿ? ಗಟ್ಟಿಮುಟ್ಟಾಗಿ ಓಡಾಡುವವರ ರಕ್ತದಲ್ಲಿ. ಅವರಿಗೆ ಜ್ವರ ಇಲ್ಲ, ನೋವಿಲ್ಲ, ಊತ ಇಲ್ಲ. ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಸೊಳ್ಳೆ ಅವರಿಂದಲೇ ಮರಿ ತೆಗೆದುಕೊಂಡು ಊರಿಗೆ ಹಂಚುತ್ತದೆ.

ನಾವು ಮಾಡುವುದು ಏನು? ಊದಿದ ಕಾಲಿನ ಅಕ್ಕನನ್ನು ದೂರ ಕೂರಿಸುತ್ತೇವೆ. ಬಾವಿಯ ಹತ್ತಿರ ಬರಬೇಡ ಅನ್ನುತ್ತೇವೆ. ಅವಳ ಮಗಳಿಗೆ ಗಂಡು ಕೊಡುವುದಿಲ್ಲ. ಹುಳದ ಮರಿ ನಮ್ಮ ರಕ್ತದಲ್ಲೇ ಇರಬಹುದು!

ಗುಳಿಗೆ ಮರಿಗಳನ್ನು ಕೊಲ್ಲುತ್ತದೆ. ದೊಡ್ಡ ಹುಳಗಳಲ್ಲಿ ಕೆಲವು ಮಾತ್ರ ಸಾಯುತ್ತವೆ. ಉಳಿದವು ಮತ್ತೆ ಮರಿ ಹಾಕುತ್ತವೆ. ಅದಕ್ಕೇ ಒಂದು ವರ್ಷ ನುಂಗಿ ಬಿಟ್ಟರೆ ಆಗುವುದಿಲ್ಲ. ದೊಡ್ಡ ಹುಳ ಮುದಿಯಾಗಿ ಸಾಯುವ ತನಕ, ಕಡಿಮೆ ಅಂದರೂ ಐದು ವರ್ಷ, ವರ್ಷಕ್ಕೊಮ್ಮೆ ನುಂಗಬೇಕು ಅಂತ ಲೆಕ್ಕ ಹಾಕಿದರು. ಊರಿನ 100 ಜನರಲ್ಲಿ 65 ಜನರಾದರೂ ಪ್ರತಿ ವರ್ಷ ನುಂಗಲೇಬೇಕು. ಅದಕ್ಕಿಂತ ಕಡಿಮೆ ಆದರೆ ಸೊಳ್ಳೆಗೆ ಮರಿ ಸಿಗುತ್ತಲೇ ಇರುತ್ತದೆ. ಗದ್ದೆಯ ಕಳೆಯ ಹಾಗೆ. ನೀವು ನಿಮ್ಮ ಗದ್ದೆಯ ಕಳೆ ಕಿತ್ತಿರಿ. ಪಕ್ಕದವರು ಕೀಳಲಿಲ್ಲ. ಮುಂದಿನ ವರ್ಷ ನಿಮ್ಮ ಗದ್ದೆಯಲ್ಲಿ ಮತ್ತೆ ಕಳೆ.

ಆ ಅತ್ತೆ ಇಷ್ಟೆಲ್ಲ ಕೇಳಿದಳು. ಕೊನೆಗೆ ಅಂದಳು, "ಹಂಗಾರ ಇದನ್ನ ಮೊದಲ ಯಾಕ ಹೇಳಲಿಲ್ಲ ನೀವು?" ಮತ್ತೆ ಅದೇ. ಗುಳಿಗೆ ಕೊಟ್ಟೆವು, ಮಾತು ಕೊಡಲಿಲ್ಲ.

ಇನ್ನೊಂದು ಹೆದರಿಕೆ ಇದೆ. ಗುಳಿಗೆ ನುಂಗಿದ ರಾತ್ರಿ ಕೆಲವರಿಗೆ ಜ್ವರ ಬರುತ್ತದೆ. ತಲೆ ನೋಯುತ್ತದೆ, ಮೈ ಕೈ ನೋಯುತ್ತದೆ, ತುರಿಕೆ ಆಗಬಹುದು. ಜೋಯಿಡಾದ ಕಾಡಿನ ನಡುವಿನ ಒಂದು ಕೇರಿಯಲ್ಲಿ ಒಬ್ಬ ಹುಡುಗನಿಗೆ ಹೀಗೆ ಆಯಿತು. ಮರುದಿನ ಕೇರಿಯಲ್ಲಿ ಯಾರೂ ಗುಳಿಗೆ ಮುಟ್ಟಲಿಲ್ಲ. ಅಲ್ಲಿಂದ ದವಾಖಾನೆ ದೂರ, ಬಸ್ಸು ದಿನಕ್ಕೆ ಒಂದೋ ಎರಡೋ. ಹೆದರಿದ್ದು ಸಹಜ.

ಜ್ವರ ಯಾಕೆ ಬಂತು? ಅವನ ರಕ್ತದಲ್ಲಿ ಮರಿಗಳು ಇದ್ದಿರಬೇಕು. ಗುಳಿಗೆಯಿಂದ ಅವು ಒಮ್ಮೆಲೇ ಸತ್ತವು. ಸತ್ತ ಮರಿಗಳನ್ನು ಹೊರಗೆ ಹಾಕಲು ಮೈ ಬಿಸಿಯಾಯಿತು. ಮರಿ ಇಲ್ಲದವರಿಗೆ ಬಹುತೇಕ ಏನೂ ಆಗುವುದಿಲ್ಲ. ಅಂದರೆ ಜ್ವರ ಬಂದವನಿಗೇ ಗುಳಿಗೆ ಹೆಚ್ಚು ಬೇಕಾಗಿತ್ತು. ಒಂದೆರಡು ದಿನದಲ್ಲಿ ತಾನೇ ಇಳಿಯುತ್ತದೆ. ಪ್ಯಾರಾಸಿಟಮಾಲ್ ಸಾಕಾಗುತ್ತದೆ. ಜ್ವರ ಇಳಿಯದಿದ್ದರೆ, ತುಂಬಾ ವಾಂತಿ ಆದರೆ, ಉಸಿರು ಕಟ್ಟಿದ ಹಾಗಾದರೆ ಕಾಯಬೇಡಿ. ದವಾಖಾನೆಗೆ ಕರೆದುಕೊಂಡು ಹೋಗಿ.

ರಕ್ತ ನೋಡಿ ಮರಿ ಇದೆ ಅಂತ ಗೊತ್ತಾದವರಿಗೆ ವೈದ್ಯರು ಬೇರೆ ರೀತಿ ಕೊಡುತ್ತಾರೆ. ತೂಕ ನೋಡಿ, ದಿನವೂ, 12 ದಿನ ಡಿ.ಇ.ಸಿ. ಕೊಡುತ್ತಾರೆ. ನಡುವೆ ಬಿಡಬಾರದು.

ಈಗ ಮೂರನೆಯ ಔಷಧಿಯೂ ಬಂದಿದೆ. ಹೆಸರು ಐವರ್ಮೆಕ್ಟಿನ್. ಇದು ಮಣ್ಣಿನಲ್ಲಿ ಇರುವ ಸೂಕ್ಷ್ಮ ಜೀವಿಯಿಂದ ಸಿಕ್ಕ ಔಷಧಿ. ಇದನ್ನು ಕಂಡುಹಿಡಿದ ಜಪಾನಿನ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಹುಮಾನ ಬಂತು. ಡಿ.ಇ.ಸಿ., ಆಲ್ಬೆಂಡಜೋಲ್, ಐವರ್ಮೆಕ್ಟಿನ್, ಮೂರನ್ನೂ ಒಟ್ಟಿಗೆ ನುಂಗಿದರೆ ಮರಿಗಳು ಬೇಗ ಹೋಗುತ್ತವೆ, ಬಹಳ ಕಾಲ ತಿರುಗಿ ಬರುವುದಿಲ್ಲ. ಇದು ಅಪಾಯ ಇಲ್ಲದ್ದೇ ಅಂತ ಐದು ದೇಶಗಳಲ್ಲಿ 26 ಸಾವಿರಕ್ಕೂ ಹೆಚ್ಚು ಜನರಲ್ಲಿ ನೋಡಿದರು. ನಮ್ಮ ದೇಶದಲ್ಲಿ ಅದನ್ನು ನೋಡಿದ್ದು ಎಲ್ಲಿ ಗೊತ್ತೇ? ನಮ್ಮ ಕರ್ನಾಟಕದ ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿ. ಅಲ್ಲಿನ ನಿಮ್ಮಂಥ ಹೆಂಗಸರು, ಗಂಡಸರು ನುಂಗಿ ತೋರಿಸಿದರು. ಆಮೇಲೆ ದೇಶದ ಬೇರೆ ಜಿಲ್ಲೆಗಳಿಗೆ ಮೂರು ಔಷಧಿಯ ಪದ್ಧತಿ ಹೋಯಿತು. ಐವರ್ಮೆಕ್ಟಿನ್ ಎಷ್ಟು ಕೊಡಬೇಕು ಅಂತ ವಯಸ್ಸು ನೋಡುವುದಿಲ್ಲ, ಎತ್ತರ ಅಳೆಯುತ್ತಾರೆ. 5 ವರ್ಷದ ಒಳಗಿನ ಮಕ್ಕಳಿಗೆ, ಬಸುರಿಗೆ, ಹೆರಿಗೆಯಾಗಿ ಒಂದು ವಾರ ಆಗದ ಬಾಣಂತಿಗೆ ಇದನ್ನು ಕೊಡುವುದಿಲ್ಲ. ಕಜ್ಜಿಯ ಮೇಲೆ, ತಲೆಯ ಹೇನಿನ ಮೇಲೂ ಇದು ಕೆಲಸ ಮಾಡುತ್ತದೆ. ಹೀಗೆ ಅಂದ ಕೂಡಲೇ ಒಂದು ಊರಿನಲ್ಲಿ ಹೆಂಗಸರೆಲ್ಲ ಕಿವಿ ನೆಟ್ಟಗೆ ಮಾಡಿದರು!

ಈಗ ಆ ಅಕ್ಕನ ಪ್ರಶ್ನೆಗೆ ಬರುತ್ತೇವೆ. ಗುಳಿಗೆ ನುಂಗಿದರೆ ಕಾಲು ಸಣ್ಣದಾಗುತ್ತದೆಯೇ?

ಬಹಳ ವರ್ಷದ ಊತ ಬರೀ ಗುಳಿಗೆಯಿಂದ ಹೋಗುವುದಿಲ್ಲ. ನಾವು ಅವಳಿಗೆ ಹಾಗೆಯೇ ಹೇಳಿದೆವು. ಅವಳ ಮುಖ ಸಣ್ಣದಾಯಿತು. ಆದರೆ ಮಾತು ಅಲ್ಲಿಗೆ ಮುಗಿಯಲಿಲ್ಲ. ನಾವು ಅವಳಿಗೆ ಒಂದು ಪ್ರಶ್ನೆ ಕೇಳಿದೆವು. ಕಾಲು ಆಗಾಗ ಕೆಂಪಾಗಿ, ಚಳಿ ಜ್ವರ ಬಂದು, ತೊಡೆಯ ಸಂದಿಯಲ್ಲಿ ಗಡ್ಡೆ ಎದ್ದು ಮಲಗುತ್ತೀಯಾ? ಹೌದು ಅಂದಳು. ಮಳೆಗಾಲದಲ್ಲಿ, ನಾಟಿಯ ಕಾಲಕ್ಕೆ ಹೆಚ್ಚು ಅಂದಳು. ಒಂದೊಂದು ಸಲ ಎಂಟು ದಿನದ ಕೂಲಿ ಹೋಗುತ್ತದೆ ಅಂದಳು. ಪ್ರತಿ ಸಲ ಜ್ವರ ಬಂದು ಹೋದ ಮೇಲೆ ಕಾಲು ಇನ್ನಷ್ಟು ದಪ್ಪ.

ಈ ಜ್ವರವನ್ನು ತಡೆಯಬಹುದು. ಅದೇ ದೊಡ್ಡ ಸಮಾಚಾರ. ಈ ಜ್ವರ ಬರುವುದು ಹುಳದಿಂದ ಮಾತ್ರ ಅಲ್ಲ. ಊದಿದ ಕಾಲಿನ ಬೆರಳ ಸಂದಿ ಬಿರಿಯುತ್ತದೆ. ಅಲ್ಲಿಂದ ಕೊಳೆ, ರೋಗದ ಕ್ರಿಮಿ ಒಳಗೆ ಹೋಗುತ್ತವೆ. ಬಸಿಗಾಲುವೆ ಕೆಟ್ಟಿರುವುದರಿಂದ ಮೈ ಅವನ್ನು ಬೇಗ ಹೊರಹಾಕಲಾರದು. ಆಗ ಜ್ವರ. ಕಾಲು ತೊಳೆದರೆ ಜ್ವರ ಕಡಿಮೆಯಾಗುತ್ತದೆ. ಜ್ವರ ಕಡಿಮೆಯಾದರೆ ಊತ ಬೆಳೆಯುವುದು ನಿಲ್ಲುತ್ತದೆ. ಊತ ಇನ್ನೂ ಹೊಸದಾಗಿದ್ದರೆ ಇಳಿಯಲೂಬಹುದು.

ಸಿಸ್ಟರ್ ಬಾಯಿಯವರು ಅವಳ ಮನೆಗೇ ಹೋಗಿ ತೋರಿಸಿದರು. ಒಂದು ಬುಟ್ಟಿ, ಎರಡು ತಂಬಿಗೆ ಸ್ವಚ್ಛ ನೀರು, ಸ್ನಾನದ ಸಾಬೂನು, ಹಳೆಯ ಹತ್ತಿ ಬಟ್ಟೆ. ಇಷ್ಟೇ. ನೀರು ಸುಡುವಷ್ಟು ಬಿಸಿ ಇರಬಾರದು. ಮೊಣಕಾಲಿನಿಂದ ಶುರುಮಾಡಿ ಕೆಳಗೆ ಬರಬೇಕು. ಮಡಿಕೆ ಮಡಿಕೆಯ ಒಳಗೆ, ಬೆರಳು ಬೆರಳಿನ ನಡುವೆ ಸಾಬೂನು ಹಚ್ಚಿ ಮೆಲ್ಲಗೆ ತಿಕ್ಕಬೇಕು. ಬ್ರಷ್ಷಿನಿಂದ ಉಜ್ಜಬಾರದು. ಸಾಬೂನು ಪೂರ್ತಿ ಹೋಗುವ ಹಾಗೆ ತೊಳೆಯಬೇಕು. ಆಮೇಲೆ ಬಟ್ಟೆಯಿಂದ ಒತ್ತಿ ಒತ್ತಿ ಒಣಗಿಸಬೇಕು. ಬೆರಳ ಸಂದಿ ಒಣಗುವುದೇ ಮುಖ್ಯ. ಗಾಯ ಇದ್ದರೆ ದವಾಖಾನೆಯ ಮುಲಾಮು. ಸುಟ್ಟ ಬೂದಿ, ಸೆಗಣಿ, ಗಿಡದ ಹಾಲು ಹಚ್ಚಬಾರದು. ಬ್ಲೇಡು ಹಾಕಿ ನೀರು ತೆಗೆಯುತ್ತೇವೆ ಅನ್ನುವವರ ಹತ್ತಿರ ಹೋಗಲೇಬಾರದು.

ಕೂತಾಗ ಕಾಲನ್ನು ಮಣೆಯ ಮೇಲೆ ಎತ್ತಿ ಇಡಬೇಕು. ಮಲಗುವಾಗ ಕಾಲ ಕೆಳಗೆ ಹಾಸಿಗೆಯ ಅಡಿ ಕೌದಿ ಮಡಚಿ ಇಡಬಹುದು. ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸಬೇಕು. ಪಾದವನ್ನು ಸುತ್ತ ತಿರುಗಿಸಬೇಕು. ಚಪ್ಪಲಿ ಹಾಕಬೇಕು. ಆದರೆ ಜ್ವರ ಬಂದು ಕಾಲು ಕೆಂಪಾದಾಗ ಈ ಕಸರತ್ತು ಬೇಡ. ಆಗ ತಣ್ಣೀರ ಬಟ್ಟೆ ಹಾಕಿ, ಕಾಲು ಎತ್ತಿ ಮಲಗಿ, ಬೇಗ ದವಾಖಾನೆಗೆ ಹೋಗಬೇಕು. ಅಲ್ಲಿ ಬೇರೆ ಔಷಧಿ ಕೊಡುತ್ತಾರೆ.

ಹೇಳುವುದು ಸುಲಭ ಅಂತ ನಮಗೂ ಗೊತ್ತು. ನಾಟಿಯ ದಿನ ಕೆಸರಿನಲ್ಲಿ ನಿಲ್ಲದೆ ಕೂಲಿ ಇಲ್ಲ. ಆ ಅಕ್ಕನೂ ಅದನ್ನೇ ಅಂದಳು. ಹಾಗಿದ್ದರೆ ಮನೆಗೆ ಬಂದ ಕೂಡಲೇ ತೊಳೆ, ಒಲೆ ಆಮೇಲೆ ಹಚ್ಚು ಅಂದೆವು. ಅವಳು ನಕ್ಕಳು. ಆದರೆ ಮಗಳು ಕೇಳಿಸಿಕೊಂಡಳು. ಆ ಮಳೆಗಾಲದಲ್ಲಿ ಅವ್ವ ಗದ್ದೆಯಿಂದ ಬರುವಷ್ಟರಲ್ಲಿ ಮಗಳು ಬುಟ್ಟಿ, ನೀರು, ಸಾಬೂನು ಹೊರಗೆ ಇಟ್ಟಿರುತ್ತಿದ್ದಳು. ಆ ವರ್ಷ ಒಂದೇ ಸಲ ಜ್ವರ ಬಂತು ಅಂತ ಅಕ್ಕ ಹೇಳಿದಳು.

ಗಂಡಸರ ಬಗ್ಗೆ ಎರಡು ಮಾತು. ಅವರು ಈ ಮಾತನ್ನು ಯಾರಿಗೂ ಹೇಳುವುದಿಲ್ಲ. ಹೆಂಡತಿಗೆ ಮಾತ್ರ ಗೊತ್ತಿರುತ್ತದೆ. ಬೀಜದ ಚೀಲದಲ್ಲಿ ನೀರು ತುಂಬಿದ್ದರೆ ಗುಳಿಗೆಯಿಂದ ಇಳಿಯುವುದಿಲ್ಲ. ಆದರೆ ಸಣ್ಣ ಆಪರೇಷನ್ ಮಾಡಿದರೆ ವಾಸಿಯಾಗುತ್ತದೆ. ಸರಕಾರಿ ಆಸ್ಪತ್ರೆಯಲ್ಲಿ ಮಾಡುತ್ತಾರೆ. ಗಂಡಸುತನ ಹೋಗುತ್ತದೆ ಅನ್ನುವುದು ಸುಳ್ಳು. ನೀವೇ ಧೈರ್ಯ ಹೇಳಿ ಕಳಿಸಿ.

ಸೊಳ್ಳೆಯ ಬಗ್ಗೆ ನಿಮಗೆ ಹೊಸದಾಗಿ ಹೇಳುವುದಿಲ್ಲ. ಒಂದೇ ಮಾತು. ಡೆಂಗ್ಯೂ ಸೊಳ್ಳೆ ಸ್ವಚ್ಛ ನೀರಿನಲ್ಲಿ ಮೊಟ್ಟೆ ಇಡುತ್ತದೆ. ಈ ಸೊಳ್ಳೆಗೆ ಕೊಳಕು ನೀರೇ ಬೇಕು. ದಾಂಡೇಲಿಯ ಓಣಿಯ ಗಟಾರ, ಬಚ್ಚಲ ಗುಂಡಿ, ಪಾಯಖಾನೆಯ ಟಾಕಿ, ಎಲ್ಲ ಅದರ ತವರುಮನೆ. ಟಾಕಿಯ ಗಾಳಿಕೊಳವೆಯ ಬಾಯಿಗೆ ಹಳೆಯ ಸೊಳ್ಳೆ ಪರದೆಯ ತುಂಡು ಕಟ್ಟಿ. ರಾತ್ರಿ ಪರದೆ ಕಟ್ಟಿ ಮಲಗಿ.

ಇನ್ನು ಕೆಲವರು ಕೇಳುತ್ತಾರೆ. ಗುಳಿಗೆ ಹಂಚುವುದು ಯಾವಾಗ ನಿಲ್ಲುತ್ತದೆ? ಅದಕ್ಕೂ ಒಂದು ಲೆಕ್ಕ ಇದೆ. ವರ್ಷ ವರ್ಷ ನುಂಗಿದ ಮೇಲೆ ಶಾಲೆಯ 6-7 ವರ್ಷದ ಮಕ್ಕಳ ರಕ್ತ ನೋಡುತ್ತಾರೆ. ಯಾಕೆ ಅವರದೇ? ಅವರು ಹೆಚ್ಚಾಗಿ ಬೆಳೆದದ್ದೇ ಗುಳಿಗೆ ಶುರುವಾದ ಮೇಲೆ. ಅವರ ಮೈಯಲ್ಲಿ ಹುಳ ಇದ್ದರೆ ಸೊಳ್ಳೆ ಇನ್ನೂ ರೋಗ ಹಂಚುತ್ತಿದೆ ಅಂತ ಅರ್ಥ. ಇಲ್ಲದಿದ್ದರೆ ಆ ಜಿಲ್ಲೆಯಲ್ಲಿ ಗುಳಿಗೆ ನಿಲ್ಲಿಸುತ್ತಾರೆ. ನಿಲ್ಲಿಸಿದ ಮೇಲೂ ಎರಡು ಮೂರು ವರ್ಷಕ್ಕೊಮ್ಮೆ, ಹೀಗೆ ಇನ್ನೂ ಎರಡು ಸಲ ಮಕ್ಕಳ ರಕ್ತ ನೋಡುತ್ತಾರೆ. ಶಾಲೆಯಲ್ಲಿ ಬೆರಳು ಚುಚ್ಚಿದರು ಅಂತ ಮಗು ಅತ್ತುಕೊಂಡು ಬಂದರೆ ಜಗಳಕ್ಕೆ ಹೋಗಬೇಡಿ. ಯಾಕೆ ಚುಚ್ಚಿದರು ಅಂತ ಕೇಳಿ ತಿಳಿದುಕೊಳ್ಳಿ.

ಆಗದ ಕೆಲಸ ಅಲ್ಲ ಇದು. ಚೀನಾದಲ್ಲಿ ಊಟದ ಉಪ್ಪಿನಲ್ಲಿ ಡಿ.ಇ.ಸಿ. ಬೆರೆಸಿ ಜನರಿಗೆ ಕೊಟ್ಟರು. 2007ರಲ್ಲಿ ಅಲ್ಲಿ ರೋಗ ಹೋಯಿತು ಅಂತ ಸಾರಿದರು. ಪಕ್ಕದ ಶ್ರೀಲಂಕಾದಲ್ಲಿ 2016ರಲ್ಲಿ ಹೋಯಿತು. ನಮ್ಮ ದೇಶ 2027ರ ಗುರಿ ಇಟ್ಟುಕೊಂಡಿದೆ. ಮೊದಲು 2015 ಅಂದಿದ್ದರು. ಆಗಲಿಲ್ಲ. ಬೇಳೆ ಡಬ್ಬಿಯಲ್ಲಿ ಉಳಿದ ಗುಳಿಗೆಗಳೂ ಅದಕ್ಕೆ ಒಂದು ಕಾರಣ.

ನಮ್ಮ ಕಡೆಯ ಜನ ಒಂದೇ ಕಡೆ ಇರುವುದಿಲ್ಲ. ಜೋಯಿಡಾದವರು ಗೋವೆಗೆ ಕೂಲಿಗೆ ಹೋಗುತ್ತಾರೆ. ಹಳಿಯಾಳಕ್ಕೆ ಕಬ್ಬು ಕಡಿಯಲು ಹೊರಗಿನ ಗ್ಯಾಂಗುಗಳು ಬರುತ್ತವೆ. ಮಗಳನ್ನು ಕಲಬುರಗಿ, ಬಾಗಲಕೋಟೆ ಕಡೆಗೆ ಕೊಟ್ಟವರು ಇದ್ದೀರಿ. ಎಲ್ಲಿ ಗುಳಿಗೆ ಹಂಚುತ್ತಾರೋ, ಆ ದಿನ ಅಲ್ಲಿ ಇದ್ದವರೆಲ್ಲ ನುಂಗಬೇಕು. ನಾವು ಈ ಊರಿನವರಲ್ಲ ಅನ್ನಬಾರದು. ಬಂದವರ ಮೇಲೆ ರೋಗದ ದೂರು ಹಾಕುವುದೂ ಬೇಡ. ಸೊಳ್ಳೆಗೆ ಊರಿನವರು, ಪರ ಊರಿನವರು ಅಂತ ಗೊತ್ತಾಗುವುದಿಲ್ಲ.

ಹಿಂದೆ ಕೂರುತ್ತಿದ್ದ ಆ ಅಕ್ಕನ ಮಾತು ಹೇಳಿ ಮುಗಿಸುತ್ತೇವೆ. ಅನ್ನ ಹತ್ತಿಹೋದೀತು. ಅವಳು ಈಗ ಮುಂದೆ ಕೂರುತ್ತಾಳೆ, ಮಣೆಯ ಮೇಲೆ ಕಾಲಿಟ್ಟು. ಅವಳ ಮಗಳನ್ನು ನೋಡಲು ಮತ್ತೊಂದು ಮನೆಯವರು ಬಂದಿದ್ದರು. ಅವರೂ ಕಾಲು ನೋಡಿದರು. ಈ ಸಲ ಅಕ್ಕ ಸೀರೆ ಎಳೆದುಕೊಳ್ಳಲಿಲ್ಲ. ಇದೇ ಪಾಠದ ಹಾಳೆಯನ್ನು ಗಂಡಿನ ತಾಯಿಯ ಮುಂದೆ ಇಟ್ಟು, ಬೆರಳು ಇಟ್ಟು ಇಟ್ಟು ಓದಿದಳು. "ಇದು ತಾಯಿಯಿಂದ ಮಗಳಿಗೆ ಬರುವ ರೋಗ ಅಲ್ಲ." ನಿಧಾನ ಓದಿದಳು, ತಪ್ಪಿಲ್ಲದೆ ಓದಿದಳು. ಗಂಡಿನ ತಾಯಿಗೆ ಓದಲು ಬರುವುದಿಲ್ಲ. ಹಾಳೆ ಮನೆಗೆ ಒಯ್ಯುತ್ತೇನೆ, ಮಗನ ಹತ್ತಿರ ಇನ್ನೊಮ್ಮೆ ಓದಿಸುತ್ತೇನೆ ಅಂತ ಅವರು ತೆಗೆದುಕೊಂಡು ಹೋಗಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.